ಪೂಜೆ ನಿಂತ ಮೇಲೂ ಉಳಿದ ಹೆಸರು



ಈಚೆಗೆ ಶುಕ್ರಗ್ರಹದ ನಕ್ಷೆಯೊಂದನ್ನು ನೋಡುತ್ತಿದ್ದಾಗ ನನ್ನ ಕಣ್ಣು ಒಂದೆಡೆ ನಿಂತಿತು. ಆ ಗ್ರಹದ ಉತ್ತರ ಭಾಗದಲ್ಲಿ ಖಂಡವೊಂದನ್ನು ನೆನಪಿಸುವಷ್ಟು ವಿಸ್ತಾರವಾದ ಎತ್ತರದ ನೆಲವಿದೆ. ಅದಕ್ಕೆ ಇಶ್ತಾರ್ ಎಂದು ಹೆಸರು. ಆ ನೆಲದ ಪಶ್ಚಿಮದಲ್ಲಿರುವ ಪ್ರಸ್ಥಭೂಮಿಗೆ ನಮ್ಮ ಲಕ್ಷ್ಮಿಯ ಹೆಸರು. 1978ರಲ್ಲಿ ಶುಕ್ರನನ್ನು ತಲುಪಿದ ಪಯೊನೀರ್ ನೌಕೆಯ ರೇಡಾರ್, ದಟ್ಟವಾದ ಮೋಡದ ಕೆಳಗೆ ಅಡಗಿದ್ದ ಈ ನೆಲದ ಏರಿಳಿತಗಳನ್ನು ತೋರಿಸಿತು. ಶುಕ್ರನ ಮೇಲಿನ ಸ್ಥಳಗಳಿಗೆ ಬಹುಮಟ್ಟಿಗೆ ಸ್ತ್ರೀಯರ ಮತ್ತು ದೇವಿಯರ ಹೆಸರುಗಳನ್ನೇ ಇಡುವುದು ಖಗೋಳ ವಿಜ್ಞಾನಿಗಳ ಪದ್ಧತಿ. ಹೀಗೆ ಯೂಫ್ರಟಿಸ್ ತೀರದ ದೇವಿಯೂ ಕ್ಷೀರಸಾಗರದ ದೇವಿಯೂ ಅಲ್ಲಿ ನೆರೆಹೊರೆಯವರಾಗಿದ್ದಾರೆ.

ಆದರೆ ಇಬ್ಬರ ಸ್ಥಿತಿಯೂ ಒಂದೇ ಅಲ್ಲ. ಲಕ್ಷ್ಮಿಯ ಮುಂದೆ ಈ ಸಂಜೆಯೂ ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿರುತ್ತಾರೆ. ಇಶ್ತಾರಳ ಗುಡಿಗಳಲ್ಲಿ ದೀಪ ಆರಿಹೋಗಿ ಬಹಳ ಶತಮಾನಗಳಾದವು. ಅವಳ ಸ್ತುತಿಗಳನ್ನು ಬರೆದ ಬೆಣೆಲಿಪಿಯೇ ಕ್ರಿ. ಶ. ಮೊದಲ ಶತಮಾನದ ಹೊತ್ತಿಗೆ ಬಳಕೆಯಿಂದ ಮರೆಯಾಗುತ್ತ ಬಂದಿತ್ತು. ಆದರೂ ಹೆಸರು ಉಳಿದಿದೆ. ಪೂಜೆ ನಿಂತ ಮೇಲೆ ಒಂದು ಹೆಸರು ಏನನ್ನು ಹೊತ್ತು ಮುಂದೆ ಸಾಗುತ್ತದೆ, ದಾರಿಯಲ್ಲಿ ಏನನ್ನು ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸುಮೇರಿಯನ್ನರು ಈ ದೇವಿಯನ್ನು ಇನಾನ್ನಾ ಎಂದರು. ಉರುಕ್ ನಗರದ ಎಅನ್ನಾ ಅವಳ ಮಹಾಮಂದಿರ. ಅಕ್ಕಾಡಿಯನ್ ಭಾಷೆಯನ್ನಾಡಿದ ಜನ ತಮ್ಮ ಇಶ್ತಾರಳನ್ನು ಅವಳಲ್ಲಿ ಕಂಡರು. ಕಾಲಕ್ರಮದಲ್ಲಿ ಇಬ್ಬರೂ ಒಂದಾದರು. ಅವಳು ಪ್ರೇಮದ ದೇವಿ, ಯುದ್ಧದ ದೇವಿಯೂ ಅವಳೇ. ಸಿಂಹ ಅವಳ ಪ್ರಾಣಿ. ಎಂಟು ಮೊನೆಯ ನಕ್ಷತ್ರ ಅವಳ ಲಾಂಛನ. ಮುಂಜಾನೆ ಮೂಡುವ ಚುಕ್ಕಿ, ಮುಸ್ಸಂಜೆಯಲ್ಲಿ ಹೊಳೆಯುವ ಚುಕ್ಕಿ, ಎರಡೂ ಅವಳೇ. ಅಕ್ಕಾಡಿನ ಅರಸ ಸಾರ್ಗಾನನ ಮಗಳು, ಉರ್ ನಗರದ ಅರ್ಚಕಿ ಎನ್‌ಹೆದುಅನ್ನಾ, ಕ್ರಿ. ಪೂ. 2300ರ ಸುಮಾರಿನಲ್ಲಿ ಈ ದೇವಿಯನ್ನು ಕುರಿತು ಸ್ತುತಿಗಳನ್ನು ರಚಿಸಿದಳೆಂದು ಸಂಪ್ರದಾಯ ಹೇಳುತ್ತದೆ. ಜಗತ್ತಿನ ಸಾಹಿತ್ಯದಲ್ಲಿ ಹೆಸರಿನಿಂದ ನಮಗೆ ತಿಳಿದಿರುವ ಮೊದಲ ಕವಿಯೆಂದು ಆಕೆಯನ್ನು ಗೌರವಿಸುವುದುಂಟು. ಆ ಸ್ತುತಿಗಳ ದೇವಿ ಸೌಮ್ಯಳಲ್ಲ. ಅವಳು ಬಿರುಗಾಳಿ, ಪ್ರವಾಹ, ಶತ್ರುವಿನ ನಾಡನ್ನು ನಡುಗಿಸುವ ಗರ್ಜನೆ. ಒಲಿಯುವುದೂ ಅಳಿಸುವುದೂ ಒಂದೇ ಕೈ ಎಂಬ ಅರಿವು ಆ ಜನಕ್ಕಿತ್ತು.

ಈ ದೇವಿಯ ಕಥೆಗಳಲ್ಲಿ ಪಾತಾಳಪ್ರಯಾಣದ ಕಥೆ ಪ್ರಸಿದ್ಧವಾದುದು. ಮೃತರ ಲೋಕಕ್ಕೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ಕಾವಲುಗಾರ ಅವಳ ಮೈಮೇಲಿನ ಒಂದೊಂದನ್ನು ಕಳಚಿಕೊಳ್ಳುತ್ತಾನೆ. ಮೊದಲು ಕಿರೀಟ, ಕಡೆಗೆ ಉಟ್ಟ ಬಟ್ಟೆ. ಏಳನೆಯ ಬಾಗಿಲನ್ನು ಅವಳು ಬರಿಮೈಯಲ್ಲಿ ದಾಟುತ್ತಾಳೆ. ಅಕ್ಕಾಡಿಯನ್ ಪಾಠದಲ್ಲಿ, ಅವಳು ಕೆಳಗಿರುವಷ್ಟು ಕಾಲ ಭೂಮಿಯ ಮೇಲೆ ದನಕರುಗಳಲ್ಲಿಯೂ ಮನುಷ್ಯರಲ್ಲಿಯೂ ಕೂಡುವ ಬಯಕೆಯೇ ಸತ್ತುಹೋಗುತ್ತದೆ. ಅವಳು ಹಿಂದಿರುಗುವಾಗ ಕಳೆದುಕೊಂಡದ್ದೆಲ್ಲ ಬಾಗಿಲು ಬಾಗಿಲಿಗೆ ಮರಳಿ ಸಿಗುತ್ತದೆ. ಆ ಹೆಸರಿನ ಮುಂದಿನ ಚರಿತ್ರೆಯೂ ಇಂಥದೇ ಒಂದು ಇಳಿತವೆಂದು ನನಗೆ ತೋರುತ್ತದೆ. ಮರಳಿ ಪಡೆದದ್ದು ಮಾತ್ರ ಅಷ್ಟಿಲ್ಲ.

ಇಶ್ತಾರ್ ಎಂಬ ಶಬ್ದಕ್ಕೆ ಸೆಮಿಟಿಕ್ ಭಾಷೆಗಳಲ್ಲಿ ಬಳಗವಿದೆ. ಕಾನಾನ್ ಮತ್ತು ಫಿನಿಷಿಯಾದ ಅಸ್ತಾರ್ತೆ ಅದೇ ಮೂಲದವಳು. ಹೀಬ್ರೂ ಬೈಬಲಿನಲ್ಲಿ ಆಕೆ ಅಷ್ಟೋರೆತ್ ಆಗಿ ಬರುತ್ತಾಳೆ. ನಾಚಿಕೆ ಎಂಬ ಅರ್ಥದ 'ಬೋಷೆತ್' ಶಬ್ದದ ಸ್ವರಗಳನ್ನು ಬೇಕೆಂದೇ ಆ ಹೆಸರಿನೊಳಗೆ ಸೇರಿಸಿ ಓದಿದರೆಂಬುದು ಹಲವು ವಿದ್ವಾಂಸರ ಊಹೆ. ಹಾಗಿದ್ದರೆ, ಹೆಸರನ್ನು ಅಳಿಸಲಾರದವರು ಅದರ ಉಚ್ಚಾರವನ್ನೇ ಶಿಕ್ಷಿಸಿದರು ಎನ್ನಬೇಕು. ಅದೇ ಗ್ರಂಥದಲ್ಲಿ ಎಸ್ತೇರಳೆಂಬ ರಾಣಿಯ ಕಥೆಯಿದೆ. ಪರ್ಶಿಯನ್ ಭಾಷೆಯ ನಕ್ಷತ್ರವಾಚಕದಿಂದ ಅವಳ ಹೆಸರು ಬಂದಿತೆಂದು ಕೆಲವರೂ, ಇಶ್ತಾರಳಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಅವಳನ್ನು ಸಾಕಿದ ಮೊರ್ದೆಕೈಯ ಹೆಸರಿನಲ್ಲಿ ಬ್ಯಾಬಿಲೋನಿನ ಮರ್ದುಕ್ ದೇವನಿರುವುದರಿಂದ ಎರಡನೆಯ ಮಾತಿಗೆ ಬಲವಿದೆ. ಅದು ನಿಜವಾದರೆ, ನಮ್ಮ ಊರುಗಳಲ್ಲಿ ಎಸ್ತರ್ ಎಂಬ ಹೆಸರಿನ ಹೆಣ್ಣುಮಗಳನ್ನು ಕರೆಯುವಾಗ ನಾವು ತಿಳಿಯದೆ ಉರುಕಿನ ದೇವಿಯನ್ನು ಕರೆಯುತ್ತಿದ್ದೇವೆ.

ಇಲ್ಲಿ ಎಚ್ಚರವೂ ಬೇಕು. ಈಸ್ಟರ್ ಹಬ್ಬದ ಹೆಸರು ಇಶ್ತಾರಳಿಂದ ಬಂದಿತೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅಲೆಕ್ಸಾಂಡರ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ರೋಮನ್ ಕ್ಯಾಥೊಲಿಕ್ ಚರ್ಚನ್ನು ಖಂಡಿಸಲು ಬರೆದ ಗ್ರಂಥದಿಂದ ಈ ಮಾತಿಗೆ ಬಹಳ ಪ್ರಚಾರ ದೊರೆಯಿತು. ಎಂಟನೆಯ ಶತಮಾನದ ಬೀಡ್ ಎಂಬ ಸಂನ್ಯಾಸಿಯಾದರೋ ಆ ಹೆಸರನ್ನು ಈಯೊಸ್ಟ್ರೆ ಎಂಬ ಆಂಗ್ಲೋಸ್ಯಾಕ್ಸನ್ ದೇವಿಗೆ ಸಂಬಂಧಿಸಿದ್ದಾನೆ. ಯುರೋಪಿನ ಬಹುಪಾಲು ಭಾಷೆಗಳಲ್ಲಿ ಆ ಹಬ್ಬದ ಹೆಸರು ಹೀಬ್ರೂವಿನ ಪಸ್ಕದಿಂದ ಬಂದದ್ದು. ನಮ್ಮ ಕ್ರೈಸ್ತರೂ ಪಾಸ್ಕ ಎನ್ನುವುದುಂಟು. ಕಿವಿಗೆ ಒಂದಾಗಿ ಕೇಳಿದ್ದೆಲ್ಲ ಬೇರಿನಲ್ಲಿ ಒಂದಲ್ಲ. ಒಂದು ಕಾಲದಲ್ಲಿ ನಾನೂ ಇಶ್ತಾರಳನ್ನು ಸಂಸ್ಕೃತದ ಸ್ತ್ರೀ ಶಬ್ದದೊಡನೆ, ತಾರೆಯೊಡನೆ ಜೋಡಿಸಿ ಹಿಗ್ಗಿದ್ದೆ. ಅದು ವಿದ್ಯೆಯಲ್ಲ, ನೆರೆಯವರ ಮನೆಯ ಒಡವೆಯನ್ನು ನಮ್ಮದೆನ್ನುವ ಆಸೆ ಎಂಬುದು ಆಮೇಲೆ ತಿಳಿಯಿತು. ಹೆಸರನ್ನು ಗೌರವಿಸುವವನು ಅದರ ನಿಜವಾದ ನೆಂಟರನ್ನಷ್ಟೇ ಗುರುತಿಸಬೇಕು.

ಜಗತ್ತು ಇಂದು ಇಶ್ತಾರಳನ್ನು ಹೆಚ್ಚಾಗಿ ಅರಿತಿರುವುದು ಒಂದು ಹೆಬ್ಬಾಗಿಲಿನಿಂದ. ಬ್ಯಾಬಿಲೋನಿನ ಅರಸ ಎರಡನೆಯ ನೆಬುಕಡ್ನೆಜರ್ ಕ್ರಿ. ಪೂ. ಆರನೆಯ ಶತಮಾನದಲ್ಲಿ ನೀಲಿ ಮೆರುಗಿನ ಇಟ್ಟಿಗೆಗಳಿಂದ ಅದನ್ನು ಕಟ್ಟಿಸಿದ. 1899ರಲ್ಲಿ ಅಲ್ಲಿ ಉತ್ಖನನ ಆರಂಭಿಸಿದ ಜರ್ಮನಿಯ ರಾಬರ್ಟ್ ಕೋಲ್ಡೆವೈ ಸಾಗಿಸಿದ ಇಟ್ಟಿಗೆಯ ಚೂರುಗಳನ್ನು ಜೋಡಿಸಿ, ಬರ್ಲಿನ್ನಿನ ಪೆರ್ಗಮೋನ್ ಸಂಗ್ರಹಾಲಯದಲ್ಲಿ ಬಾಗಿಲನ್ನು ಮರಳಿ ನಿಲ್ಲಿಸಿದರು. 1930ರಲ್ಲಿ ಅದು ಜನರ ದರ್ಶನಕ್ಕೆ ತೆರೆಯಿತು. ದುರಸ್ತಿಗಾಗಿ ಆ ಸಂಗ್ರಹಾಲಯವನ್ನು 2023ರಲ್ಲಿ ಮುಚ್ಚಲಾಯಿತು. ಅವಳದೆನ್ನುವ ಆ ಬಾಗಿಲಿನ ಮೇಲಿರುವುದು ಗೂಳಿಗಳು ಮತ್ತು ಘಟಸರ್ಪದಂಥ ಪ್ರಾಣಿಗಳು, ಅಂದರೆ ಬೇರೆ ದೇವರ ಪ್ರಾಣಿಗಳು. ಅವಳ ಸಿಂಹಗಳು ಬಾಗಿಲಿಗೆ ಕರೆತರುವ ಮೆರವಣಿಗೆಯ ದಾರಿಯ ಗೋಡೆಗಳಲ್ಲಿವೆ. ಬ್ಯಾಬಿಲೋನಿನವರು ಆ ಬಾಗಿಲಿಗೆ ಇಟ್ಟ ಪೂರ್ತಿ ಹೆಸರಿನ ಅರ್ಥ, ಮೇಲೆ ಬಿದ್ದವರನ್ನು ಇಶ್ತಾರ್ ಕೆಡಹುತ್ತಾಳೆ ಎಂದು. ನಾವು ಉಳಿಸಿಕೊಂಡದ್ದು ಮೊದಲ ಪದವನ್ನು ಮಾತ್ರ. ಯುದ್ಧ ಕಳಚಿ ಬಿತ್ತು. ನೀಲಿಯ ಸೊಬಗು ಉಳಿಯಿತು.

ಇನ್ನೂ ಕೆಳಗಿನ ಬಾಗಿಲುಗಳೂ ಇವೆ. 1982ರಲ್ಲಿ ಬಾಗ್ದಾದಿನಲ್ಲಿ ತೆರೆದ ಭಾರಿ ಹೋಟೆಲಿಗೆ ಅವಳ ಹೆಸರಿಟ್ಟರು. 1987ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಇಶ್ತಾರ್' ಎಂಬ ಹಾಸ್ಯಚಿತ್ರದಲ್ಲಿ ಅದು ಒಂದು ಕಲ್ಪಿತ ದೇಶದ ಹೆಸರು. ಆ ಚಿತ್ರ ಹಣ ಕಳೆದುಕೊಂಡದ್ದು ಎಷ್ಟು ಪ್ರಸಿದ್ಧವಾಯಿತೆಂದರೆ, ಕೆಲವು ಕಾಲ ಹಾಲಿವುಡ್ಡಿನಲ್ಲಿ ಆ ಹೆಸರು ಸೋಲಿನ ಇನ್ನೊಂದು ಹೆಸರಾಯಿತು.

ಆದರೆ ಅವಳ ತವರಿನಲ್ಲಿ ಬೇರೊಂದು ನಡೆಯಿತು. ಇಶ್ತಾರಳ ಪ್ರಿಯನಾದ ತಮ್ಮೂಜನ ಹೆಸರು ಇರಾಕಿನ ಜನರ ಬಾಯಿಂದ ಎಂದೂ ಅಳಿಯಲಿಲ್ಲ. ಜುಲೈ ತಿಂಗಳನ್ನು ಅವರು ಇಂದಿಗೂ ತಮ್ಮೂಜ್ ಎನ್ನುತ್ತಾರೆ. ದೇವಿಯಾದರೋ ಪರದೇಶ ಸುತ್ತಿ ಮನೆಗೆ ಬರಬೇಕಾಯಿತು. ಯುರೋಪಿನ ವಿದ್ವಾಂಸರು ಬೆಣೆಲಿಪಿಯನ್ನು ಓದಿದರು. ಫ್ರೇಜರ್ ಮಡಿದು ಮರಳುವ ದೇವತೆಗಳ ಕಥೆಗಳನ್ನು ಒಂದೆಡೆ ತಂದ. ಆತನ ಗ್ರಂಥದ ಅಡೋನಿಸ್ ಭಾಗವನ್ನು ಜಬ್ರಾ ಇಬ್ರಾಹಿಂ ಜಬ್ರಾ ಅರಬ್ಬಿಗೆ ತಂದರು. ಆಗಿನ ಅರಬ್ ಕವಿಗಳ ಒಂದು ಗುಂಪಿಗೆ ತಮ್ಮೂಜಿ ಕವಿಗಳೆಂದೇ ಹೆಸರಾಯಿತು.

ಅವರಲ್ಲಿ ಬಸ್ರಾ ಬಳಿಯ ಜೈಕೂರಿನಲ್ಲಿ ಹುಟ್ಟಿದ ಬದ್ರ್ ಶಾಕಿರ್ ಅಲ್-ಸಯ್ಯಾಬ್ ದೊಡ್ಡವರು. 1958ರ ಕ್ರಾಂತಿಯ ನಂತರದ ಭಯದ ದಿನಗಳ ನೆರಳಿರುವ ಅವರ ಒಂದು ಕವಿತೆಯಲ್ಲಿ ಸೆರ್ಬೆರಸ್ ಎಂಬ ನರಕದ ನಾಯಿ ಬ್ಯಾಬಿಲೋನಿನ ಬೀದಿಗಳಲ್ಲಿ ಊಳಿಡುತ್ತದೆ. ಛಿದ್ರವಾದ ತಮ್ಮೂಜನ ದೇಹವನ್ನು ಇಶ್ತಾರ್ ಆಯುತ್ತ ನಡೆಯುತ್ತಾಳೆ. ನಾಯಿ ಅವಳನ್ನೂ ಬೆನ್ನಟ್ಟುತ್ತದೆ. ನೇರವಾಗಿ ಆಡಲಾಗದ ಮಾತಿಗೆ ಹಳೆಯ ದೇವಿ ಮರೆಯಾಗಿ ನಿಂತಳು. ಇಲ್ಲಿ ಅವಳು ಅಲಂಕಾರವಲ್ಲ, ನಾಚಿಕೆಯಲ್ಲ, ಫಲಕದ ಮೇಲಿನ ಹೆಸರೂ ಅಲ್ಲ. ಪ್ರೀತಿಯೂ ರಕ್ತವೂ ಮತ್ತೆ ಒಂದೇ ಮೈಯಲ್ಲಿವೆ. ಸಯ್ಯಾಬ್ 1964ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಬಡತನ ಮತ್ತು ಕಾಯಿಲೆಗಳ ನಡುವೆ ಕುವೈತಿನಲ್ಲಿ ತೀರಿಕೊಂಡರು. ಏಳು ಬಾಗಿಲುಗಳಲ್ಲಿ ಕಳೆದುಹೋದುದರಲ್ಲಿ ಸ್ವಲ್ಪವನ್ನಾದರೂ ಅವಳಿಗೆ ಮರಳಿ ಕೊಟ್ಟವರು ಅವರು.

ಹೆಸರು ಉಳಿಯುವುದು ದೊಡ್ಡ ಮಾತಲ್ಲ. ಇಟ್ಟಿಗೆ, ಹೋಟೆಲು, ನಕ್ಷೆ, ಯಾವುದರ ಮೇಲಾದರೂ ಅದು ಉಳಿದೀತು. ಅದನ್ನು ಉಚ್ಚರಿಸುವವನಿಗೆ ಅದರ ಅಗತ್ಯ ಬೀಳುವುದು ದೊಡ್ಡದು. ನಮ್ಮ ಹಳ್ಳಿಗಳಲ್ಲಿ ನಸುಕಿನಲ್ಲಿ ಕಾಣುವ ಶುಕ್ರನನ್ನು ಬೆಳ್ಳಿ ಎನ್ನುತ್ತಾರೆ. ಬೆಳ್ಳಿ ಮೂಡಿತು, ಏಳಿ ಎಂದು ಮನೆಯವರನ್ನು ಎಬ್ಬಿಸುತ್ತಾರೆ. ಅದೇ ಚುಕ್ಕಿಯನ್ನು ನೋಡಿ ಉರುಕಿನ ಜನ ಒಲವಿನಿಂದಲೂ ಅಂಜಿಕೆಯಿಂದಲೂ ಕೈಮುಗಿದಿದ್ದರು. ಅವರ ಶಬ್ದ ನಮ್ಮದಾಗಬೇಕಿಲ್ಲ. ಆ ಒಲವು ಮತ್ತು ಅಂಜಿಕೆ ಎರಡನ್ನೂ ಒಟ್ಟಿಗೆ ನೆನೆದರೆ ಸಾಕು; ಆ ಹೆಸರಿಗೆ ಸಲ್ಲಬೇಕಾದುದು ಸಲ್ಲುತ್ತದೆ.