ಅರಿಶಿನ ಜೀವಕೋಶದೊಳಗೆ ಏನು ಮಾಡುತ್ತದೆ?

ಆಟವಾಡುವಾಗ ಬಿದ್ದು ಮೊಣಕಾಲು ತರಚಿತು ಅನ್ನಿ. ಸ್ವಲ್ಪ ಹೊತ್ತಿಗೆ ಗಾಯದ ಸುತ್ತ ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ. ಆಮೇಲೆ ಊದಿಕೊಳ್ಳುತ್ತದೆ, ನೋಯುತ್ತದೆ. ಇದೇ ಉರಿಯೂತ. ನೋವಾದರೂ ಇದು ನಮ್ಮ ಮೈ ನಮಗಾಗಿ ಮಾಡುವ ಒಳ್ಳೆಯ ಕೆಲಸ. ಗಾಯದ ಹತ್ತಿರದ ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ ಒಳನುಗ್ಗಿದ ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಕೆಲಸ ಮುಗಿದ ಮೇಲೆ ಊತ ತಾನಾಗಿ ಇಳಿಯಬೇಕು. ಆದರೆ ಕೆಲವರಲ್ಲಿ ಅದು ಇಳಿಯುವುದೇ ಇಲ್ಲ; ಕೀಲುಗಳಲ್ಲಿ ಕೂತು ವರ್ಷಗಟ್ಟಲೆ ಸಂಧಿವಾತವಾಗಿ ಕಾಡುತ್ತದೆ. ಅಂಥ ಉರಿಯೂತವನ್ನು ತಗ್ಗಿಸುವ ವಸ್ತುಗಳಿಗಾಗಿ ವಿಜ್ಞಾನಿಗಳು ಗಿಡಮೂಲಿಕೆಗಳಲ್ಲೂ ಹುಡುಕುತ್ತಾರೆ. ಹಾಗೆ ಬಹಳ ಪರೀಕ್ಷೆಗೆ ಒಳಗಾದದ್ದು ನಮ್ಮ ಅಡುಗೆಮನೆಯ ಅರಿಶಿನ.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವಿನ ಹೆಸರು ಕರ್ಕ್ಯುಮಿನ್. ಅದನ್ನು ಅರಿಶಿನದಿಂದ ಮೊದಲು ಬೇರ್ಪಡಿಸಿದ್ದು 1815ರಲ್ಲಿ. 100 ಗ್ರಾಂ ಅರಿಶಿನ ಪುಡಿಯಲ್ಲಿ ಅದು ಇರುವುದು ಸುಮಾರು 3 ಗ್ರಾಂ ಅಷ್ಟೇ.

ಈಗ ಪ್ರಯೋಗಾಲಯಕ್ಕೆ ಹೋಗೋಣ. ಅಂಗೈಗಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ನಸುಗೆಂಪು ಬಣ್ಣದ ಪೋಷಕ ದ್ರವ. ಆ ದ್ರವದಲ್ಲಿ ಮನುಷ್ಯರ ಜೀವಕೋಶಗಳು ಬದುಕಿವೆ. ತಟ್ಟೆಯನ್ನು 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಅಂದರೆ ನಮ್ಮ ಮೈಯಷ್ಟೇ ಬೆಚ್ಚಗೆ ಇಟ್ಟಿರುತ್ತಾರೆ. ಇಂಥ ಸಂಶೋಧನೆಗಳಲ್ಲಿ ಹೆಚ್ಚು ಬಳಕೆಯಾಗುವ ಒಂದು ಬಗೆಯ ಕೋಶಗಳಿಗೆ ಟಿಎಚ್‌ಪಿ-1 ಎಂದು ಹೆಸರು. ಜಪಾನಿನಲ್ಲಿ ರಕ್ತದ ಕ್ಯಾನ್ಸರ್ ಆಗಿದ್ದ ಒಂದು ವರ್ಷದ ಗಂಡುಮಗುವಿನ ರಕ್ತದಿಂದ ಪಡೆದ ಕೋಶಗಳ ಸಂತತಿ ಅವು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಅವು ಇಂದಿಗೂ ಬೆಳೆಯುತ್ತಿವೆ. ಆ ಮಗುವಿಗೆ ವಿಜ್ಞಾನ ತುಂಬಾ ಋಣಿ.

ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ತುಣುಕನ್ನು ತಟ್ಟೆಗೆ ಹಾಕಿದರೆ ಸಾಕು, ಈ ಕೋಶಗಳು ಶತ್ರು ಬಂದನೆಂದು ಎಚ್ಚರಗೊಳ್ಳುತ್ತವೆ. ಆಗ ಒಳಗೆ ನಡೆಯುವುದು ಸೊಗಸಾದ ಸಂಗತಿ. ಕೋಶದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಇದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಸಾಮಾನ್ಯ ಹೊತ್ತಿನಲ್ಲಿ ಇದು ಗೂಟಕ್ಕೆ ಕಟ್ಟಿದ ಕರುವಿನಂತೆ ಇದ್ದಲ್ಲೇ ಇರುತ್ತದೆ. ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಅಪಾಯದ ಸುದ್ದಿ ತಲುಪಿದ ಕೂಡಲೇ ಹಿಡಿದಿಟ್ಟ ಪ್ರೋಟೀನ್ ಚೂರಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರದೊಳಗೆ ಹೋಗಿ ಅಲ್ಲಿನ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಆಗ ಉರಿಯೂತ ಹೆಚ್ಚಿಸುವ ಸಂದೇಶವಾಹಕಗಳು ತಯಾರಾಗಿ ಹೊರಗೆ ಹರಿಯುತ್ತವೆ.

ಇದೇ ಪ್ರಯೋಗವನ್ನು ಮೊದಲೇ ಕರ್ಕ್ಯುಮಿನ್ ಬೆರೆಸಿದ ತಟ್ಟೆಯಲ್ಲಿ ಮಾಡಿದರೆ? ಹಿಡಿದಿಟ್ಟ ಪ್ರೋಟೀನ್ ಅಷ್ಟು ಸುಲಭವಾಗಿ ಚೂರಾಗುವುದಿಲ್ಲ. ಕೋಶಕೇಂದ್ರಕ್ಕೆ ಹೋಗುವ ಎನ್‌ಎಫ್-ಕಪ್ಪಾ-ಬಿ ಕಡಿಮೆಯಾಗುತ್ತದೆ, ಸಂದೇಶವಾಹಕಗಳೂ ಕಡಿಮೆಯಾಗುತ್ತವೆ. ಇದನ್ನು ಹಲವು ಪ್ರಯೋಗಾಲಯಗಳು ಕಂಡಿವೆ.

ಹಾಗಾದರೆ ದಿನವೂ ಅರಿಶಿನದ ಹಾಲು ಕುಡಿದರೆ ಊತ ನೋವು ಎಲ್ಲ ಮಾಯವೇ? ತಟ್ಟೆಯಲ್ಲಿ ಕೋಶದ ಪಕ್ಕದಲ್ಲೇ ಕರ್ಕ್ಯುಮಿನ್ ಇರುತ್ತದೆ. ಬಾಯಿಯಿಂದ ಹೊರಟು ಮೊಣಕಾಲಿನ ಕೋಶದವರೆಗೆ ಹೋಗುವುದು ಅದಕ್ಕೆ ಬಹಳ ಕಷ್ಟ. ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ, ಇನ್ನೊಂದರಲ್ಲಿ ಎಣ್ಣೆಗೆ ಚಿಟಿಕೆ ಅರಿಶಿನ ಹಾಕಿ ಕಲಕಿ, ಒಂದರ್ಧ ಗಂಟೆ ಬಿಟ್ಟು ನೋಡಿ. ನೀರಿನಲ್ಲಿ ಪುಡಿ ಬಹುಪಾಲು ತಳಕ್ಕೆ ಕೂರುತ್ತದೆ, ಎಣ್ಣೆಗೆ ಬಣ್ಣ ಇಳಿಯುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ನಮ್ಮ ರಕ್ತವೋ ಬಹುಪಾಲು ನೀರೇ. ಸಾಲದ್ದಕ್ಕೆ ಕರುಳು ಮತ್ತು ಯಕೃತ್ತು ಅದನ್ನು ಬೇಗ ಬದಲಾಯಿಸಿ ಹೊರಗೆ ಕಳಿಸಿಬಿಡುತ್ತವೆ.

ಇದನ್ನು ಅಳೆದು ನೋಡಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರು. ಅಷ್ಟು ಸಿಗಬೇಕಾದರೆ ಸುಮಾರು 65 ಗ್ರಾಂ ಅರಿಶಿನ ಪುಡಿ ತಿನ್ನಬೇಕು! ಆದರೂ ರಕ್ತದಲ್ಲಿ ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಕಾಳುಮೆಣಸಿಗೆ ಖಾರ ಕೊಡುವುದು ಇದೇ. ಮೊದಲ ಒಂದು ಗಂಟೆಯೊಳಗೆ ರಕ್ತದಲ್ಲಿ ಕರ್ಕ್ಯುಮಿನ್ ಚೆನ್ನಾಗಿ ಕಾಣಿಸಿಕೊಂಡಿತು. ಒಟ್ಟಾರೆ ಮೈಗೆ ದಕ್ಕಿದ್ದು ಶೇಕಡ 2000ದಷ್ಟು ಹೆಚ್ಚು. ಕರ್ಕ್ಯುಮಿನ್ ಅನ್ನು ಹೊರಗೆ ಸಾಗಿಸುವ ಯಕೃತ್ತಿನ ಕೆಲಸವನ್ನು ಪೈಪರಿನ್ ತುಸು ಹೊತ್ತು ತಡೆಯುತ್ತದೆ. 1998ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಲೋಕದ ಎಲ್ಲೆಡೆಯ ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ.

ತಟ್ಟೆಯ ಪ್ರಯೋಗಗಳಲ್ಲೂ ಎಚ್ಚರ ಬೇಕು. ನೇರಳಾತೀತ ಬೆಳಕು ಬಿದ್ದರೆ ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ. ಹೊಳಪನ್ನು ಅಳೆದು ಉತ್ತರ ಹೇಳುವ ಯಂತ್ರಗಳನ್ನು ಅದು ದಾರಿ ತಪ್ಪಿಸಬಲ್ಲದು. ಅದಕ್ಕೇ ಒಳ್ಳೆಯ ಸಂಶೋಧಕರು ಒಂದೇ ವಿಷಯವನ್ನು ಬೇರೆ ಬೇರೆ ವಿಧಾನಗಳಲ್ಲಿ ಪರೀಕ್ಷಿಸುತ್ತಾರೆ. ಈ ತಾಳ್ಮೆಯ ಬಗ್ಗೆ ನನಗೆ ಬಹಳ ಗೌರವ.

ಮಂಡಿನೋವು ಇರುವವರ ಮೇಲೆ ನಡೆದ ಕೆಲವು ಚಿಕ್ಕ ಪರೀಕ್ಷೆಗಳಲ್ಲಿ ಕರ್ಕ್ಯುಮಿನ್‌ನಿಂದ ನೋವು ತಗ್ಗಿದ್ದು ಕಂಡಿದೆ. ಇನ್ನೂ ಹೆಚ್ಚು ಜನರ ಮೇಲೆ ದೀರ್ಘ ಕಾಲದ ಪರೀಕ್ಷೆಗಳು ಬೇಕು. ಅಡುಗೆಗೆ ಹಾಕುವ ಅರಿಶಿನ, ಮೆಣಸುಗಳಿಗೆ ಅಂಜಬೇಕಿಲ್ಲ. ಸಾರಿನಲ್ಲಿ ಎರಡೂ ಇವೆ, ಸಂತೋಷದಿಂದ ಉಣ್ಣಿ. ಮಾತ್ರೆಯ ರೂಪದಲ್ಲಿ ತುಂಬಾ ಕರ್ಕ್ಯುಮಿನ್ ನುಂಗಿದ ಕೆಲವರಿಗೆ ಯಕೃತ್ತಿಗೆ ತೊಂದರೆಯಾಗಿದೆ, ಪೈಪರಿನ್ ಸೇರಿದ ಮಾತ್ರೆಗಳಿಂದಲೂ ಹಾಗಾಗಿದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಅಂಥ ಮಾತ್ರೆ ಕೊಳ್ಳಲು ಹೊರಟರೆ, ಮೊದಲು ಡಾಕ್ಟರನ್ನು ಕೇಳೋಣ ಎಂದು ಅವರಿಗೆ ಹೇಳಿ.