ನಮ್ಮ ಆಯಿಗಳು: ಶಾಂತಾಬಾಯಿ ಮತ್ತು ಸಂತಾಮಾಯಿ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂಘದವರು ನನಗ "ಮನೆತನದ ಹಿರಿಯ ತಾಯಿ" ಅನ್ನೋ ವಿಷಯ ಕೊಟ್ಟಾರ. ನಮ್ಮ ಮನಿ ಆಯಿ ಬಗ್ಗೆ ಸುರು ಮಾಡಿದ್ರ ಊಟದ ಹೊತ್ತು ಮೀರತದ. ಅದಕ್ಕ ನಮ್ಮ ಜಿಲ್ಲೆಗೇ ಆಯಿ ಆಗಬೇಕಾದ ಇಬ್ಬರ ಬಗ್ಗೆ ಮಾತಾಡತೀನಿ. ಮರಾಠಿಯೊಳಗ ಆಯಿ ಅಂದ್ರ ಹಡೆದ ತಾಯಿ, ನಮ್ಮ ಕನ್ನಡದಾಗ ಆಯಿ ಅಂದ್ರ ಅಜ್ಜಿ. ಎರಡೂ ಭಾಷೆ ಆಡೋ ನಮ್ಮ ಮನಿಯೊಳಗ "ಆಯಿ" ಅಂತ ಕರೆದ್ರ ಇಬ್ಬರು ತಿರುಗಿ ನೋಡತಾರ.

ಮೊದಲನೇ ಆಯಿ ಶಾಂತಾಬಾಯಿ ಕೃಷ್ಣಾಜಿ ಕಾಂಬಳೆ. ಹುಟ್ಟಿದ್ದು 1 ಮಾರ್ಚ್ 1923, ನಮ್ಮದೇ ಸೊಲ್ಲಾಪುರ ಜಿಲ್ಲೆಯ ಮಹೂದ ಊರಾಗ. ಬಾಬಾಸಾಹೇಬರು ಮಹಾಡದ ಚವದಾರ ಕೆರೆ ನೀರು ಮುಟ್ಟಿದ್ದು 1927ರಲ್ಲಿ. ಅಂದ್ರ ಆಗ ಈ ಹುಡುಗಿಗೆ ನಾಕು ವರ್ಷ. ಹೊಟ್ಟಿಗಿಲ್ಲದ ಮನಿ. ಅವ್ವ-ಅಪ್ಪ ಬಿಸಲಾಗ ದುಡಿದು ಮಗಳನ್ನ ಸಾಲಿಗೆ ಕಳಿಸಿದ್ರು. ಮುಂದ ಪುಸ್ತಕ ಬರೆದಾಗ ಅದನ್ನ ಅರ್ಪಿಸಿದ್ದು ಆ ಅವ್ವ-ಅಪ್ಪಗೇ. ಜೋಡಿ ಓದೋ ಬ್ರಾಹ್ಮಣ ಗೆಳತಿಯನ್ನ ಕರೀಲಿಕ್ಕೆ ಹೋದ್ರ ಬಾಗಿಲಿಗೆ ದೂರ ನಿಲ್ಲಬೇಕು, ಅಂಗಳದ ರಂಗೋಲಿ ತುಳೀಬಾರದು. ಸಾಲಿಯೊಳಗ ಕಲಿಸೋ ಪಾಠ ಒಂದು, ಸಾಲಿ ದಾರಿ ಕಲಿಸೋ ಪಾಠ ಬ್ಯಾರೆ.

ಅಂಥಾ ಹುಡುಗಿ 1942ರಲ್ಲಿ ಸೊಲ್ಲಾಪುರ ಜಿಲ್ಲಾ ಬೋರ್ಡಿನ ಸಾಲಿಯೊಳಗ ಮಾಸ್ತರತಿ ಆದರು. ಆಗ ಅವರಿಗೆ ಹತ್ತೊಂಬತ್ತು ವರ್ಷ, ದೇಶಕ್ಕ ಇನ್ನೂ ಸ್ವಾತಂತ್ರ್ಯ ಬಂದಿಲ್ಲ. ಹತ್ತು ವರ್ಷ ಕಲಿಸಿದ ಮ್ಯಾಲ, 1952ರಲ್ಲಿ ಪುಣೆಯಲ್ಲಿ ಎರಡು ವರ್ಷದ ಶಿಕ್ಷಕರ ತರಬೇತಿ ಮುಗಿಸಿದರು. ಮುಂದೆ ಜತ್ತ ತಾಲೂಕಿನಲ್ಲಿ ಶಿಕ್ಷಣ ಅಧಿಕಾರಿಯಾಗಿ ದುಡಿದರು. ಜತ್ತ ಅಂದ್ರ ನಮ್ಮಂಗ ಕನ್ನಡ-ಮರಾಠಿ ಎರಡೂ ಹಾಸಿ ಮಲಗಿದ ನಾಡು, ಗೊತ್ತಲ್ಲ.

ಇಲ್ಲಿ ಕುಂತ ಹೆಣಮಕ್ಕಳಿಗೆ ಒಂದು ಮಾತು ಒತ್ತಿ ಹೇಳತೀನಿ. ಅವರ ಗಂಡನೂ ಮಾಸ್ತರ, ಓದಿದಾಂವ. ಆದರೂ ಇನ್ನೊಂದು ಲಗ್ನ ಮಾಡಿಕೊಂಡ. ಶಾಂತಾಬಾಯಿ ಸವತಿ ಕೂಡ ಬಾಳೇ ಮಾಡಲಿಲ್ಲ, ಎದ್ದು ತವರಿಗೆ ಬಂದರು. ಮುಂದ ಅದೇ ಗಂಡನ ಜೋಡಿ ಸಂಸಾರ ಕೂಡಿತು ಅನ್ನೋದೂ ಖರೆ. ಆದ್ರ ಅದನ್ನ ಮುಚ್ಚಿಡಲಿಲ್ಲ, ಬರೆದು ಅಚ್ಚು ಹಾಕಿಸಿದರು. ಹೊರಗಿನವರು ಮಾಡಿದ ಅನ್ಯಾಯ ಬರೆಯೋದಕ್ಕ ಎದಿಗಾರಿಕೆ ಬೇಕು, ಮನಿಯೊಳಗಿನ ಅನ್ಯಾಯ ಬರೆಯೋದಕ್ಕ ಅದರ ಎರಡರಷ್ಟು ಬೇಕು ಅಂತ ನನ್ನ ಅನಿಸಿಕೆ.

ಬರೆಯಲಿಕ್ಕೆ ಕುಂತಿದ್ದು ನೌಕರಿ ಮುಗಿದ ಮ್ಯಾಲ. ದಯಾ ಪವಾರರ 'ಬಲೂತಂ' 1978ರಲ್ಲೇ ಬಂದಿತ್ತು. ಗಂಡಸರು ತಮ್ಮ ಕಥಿ ಹೇಳಲಿಕ್ಕೆ ಹತ್ತಿದ್ರು, ಹೆಂಗಸರದ್ದು ಬಾಕಿ ಇತ್ತು. 1986ರಲ್ಲಿ 'ಮಾಝ್ಯಾ ಜಲ್ಮಾಚೀ ಚಿತ್ತರಕಥಾ' ಪುಸ್ತಕವಾಗಿ ಬಂತು. ದಲಿತ ಹೆಣ್ಣುಮಗಳು ಬರೆದ ಮೊದಮೊದಲ ಆತ್ಮಕಥೆಗಳಲ್ಲಿ ಇದೂ ಒಂದು. ಆ ಹೆಸರು ನೋಡ್ರಿ. 'ಜನ್ಮ' ಅಂತ ಬರೀಲಿಲ್ಲ, 'ಜಲ್ಮ' ಅಂತ ಬರೆದರು. ನಮ್ಮ ಆಯಿನೂ ಹಂಗೇ ಅಂತಾಳ, "ನನ್ನ ಜಲ್ಮ ಹಿಂಗೇ ಹೋತು" ಅಂತ. ಪುಸ್ತಕದೊಳಗ ಅವರ ಹೆಸರು ನಾಜಾ. ಅದರ ಮ್ಯಾಲೇ ದೂರದರ್ಶನದಾಗ 'ನಾಜುಕಾ' ಅನ್ನೋ ಧಾರಾವಾಹಿ ಬಂತು.

ಅವರ ಮಗ ಅರುಣ ಕಾಂಬಳೆ, ದಲಿತ ಪ್ಯಾಂಥರ್ ಕಟ್ಟಿದವರಲ್ಲಿ ಒಬ್ಬರು, ಮುಂಬೈ ವಿದ್ಯಾಪೀಠದಲ್ಲಿ ಮರಾಠಿ ಪ್ರಾಧ್ಯಾಪಕರು. ನಾವು ಪ್ಯಾಂಥರ್ ನಾಯಕರ ಹೆಸರು ಘೋಷಣೆ ಕೂಗತೀವಿ, ಆ ನಾಯಕನ ಅವ್ವ ಯಾರು ಅಂತ ಕೇಳಂಗಿಲ್ಲ. 2009ರ ಡಿಸೆಂಬರ್‌ನಲ್ಲಿ ಅರುಣ ತೀರಿಹೋದರು. ಆಗ ತಾಯಿಗೆ ಎಂಬತ್ತಾರು. ಹಡೆದ ಮಗ ಹೋದ ಮ್ಯಾಲೂ ಹದಿಮೂರು ವರ್ಷ ಬದುಕಿ, 25 ಜನವರಿ 2023ಕ್ಕ ಶಾಂತಾಬಾಯಿ ಕಣ್ಣು ಮುಚ್ಚಿದರು. ನೂರು ತುಂಬಲಿಕ್ಕೆ 35 ದಿನ ಬಾಕಿ.

ಎರಡನೇ ಆಯಿ ಒಂದಕ್ಷರಾನೂ ಬರೆದಾಕಿ ಅಲ್ಲ. ಆಕಿದು ನಮ್ಮ ಅಕ್ಕಲಕೋಟ ತಾಲೂಕಿನ ಹನ್ನೂರ. ಶರಣಕುಮಾರ ಲಿಂಬಾಳೆ ಅವರ 'ಅಕ್ಕರಮಾಶಿ' ಓದಿದವರಿಗೆ ಸಂತಾಮಾಯಿ ಗೊತ್ತು. ಲಿಂಬಾಳೆಯವರ ಆಯಿ, ಅವರನ್ನ ಸಾಕಿದಾಕಿ. ಆಕಿ ಜೋಡಿ ಇದ್ದದ್ದು ಬಸ್‌ಸ್ಟ್ಯಾಂಡಿನಾಗ ಹಮಾಲಿ ಮಾಡೋ ಮಹಮೂದ ದಸ್ತಗೀರ. ಜಾತಿ ಬ್ಯಾರೆ, ಧರ್ಮ ಬ್ಯಾರೆ, ಆದ್ರ ಹುಡುಗಗ ಆತನೇ ಮುತ್ಯಾ.

ಸಂತಾಮಾಯಿ ದನದ ಸಗಣಿಯೊಳಗ ಉಳಿದ ಜ್ವಾಳದ ಕಾಳು ಆರಿಸಿ, ತೊಳೆದು, ಒಣಗಿಸಿ, ಬೀಸತಿದ್ದಳು. ಆ ಹಿಟ್ಟಿನ ಭಕ್ಕರಿ ಬ್ಯಾರೆ ಬಡಿದು ತಾನು ತಿನ್ನತಿದ್ದಳು. ಮೊಮ್ಮಗ ಒಮ್ಮೆ ಆಕಿ ಭಕ್ಕರಿ ಒಂದು ತುತ್ತು ಬಾಯಿಗೆ ಇಟ್ಟ, ಸಗಣಿ ವಾಸನೆಗೆ ನುಂಗಲಿಕ್ಕೆ ಆಗಲಿಲ್ಲ. ಜ್ವಾಳಕ್ಕೇ ಹೆಸರಾದ ಸೀಮೆ ನಮ್ಮದು. ಆ ಸೀಮೆಯೊಳಗ ಹೆಣಮಗಳೊಬ್ಬಳು ಕಾಳು ಹುಡುಕಿದ ಜಾಗಾ ಅದು.

"ಇಂಥಾವೆಲ್ಲ ಸಭಾದಾಗ ಯಾಕ ಹೇಳಬೇಕು, ಮಾನ ಹೋಗತದ" ಅನ್ನವರು ನಮ್ಮೊಳಗೂ ಅದಾರ. ಯಾರ ಮಾನ? ಕಾಳು ಆರಿಸಿದಾಕಿದಂತೂ ಅಲ್ಲ. ರಾಶಿ ಮಾಡಲಿಕ್ಕೆ ಆಕಿ ಬೇಕಾಗಿತ್ತು, ರಾಶಿಯೊಳಗ ಪಾಲು ಕೊಡಲಿಕ್ಕೆ ಬ್ಯಾಡಾಗಿತ್ತು.

ಶಾಂತಾಬಾಯಿಯವರಿಗೆ ಅಕ್ಷರ ಬಂದಿತ್ತು, ಬರೆದರು. ಸಂತಾಮಾಯಿಗೆ ಬರೆಯೋ ಮೊಮ್ಮಗ ಸಿಕ್ಕ. ಈ ಚಾಪಿ ಮ್ಯಾಲ ಕುಂತವರಿಗೆ ಯಾರು ಅದಾರ? ಆಧಾರ್ ಕಾರ್ಡಿನಾಗ ನಮ್ಮ ಓಣಿಯ ಎಷ್ಟೋ ಆಯಿಗಳು 1 ಜನವರಿಗೇ ಹುಟ್ಯಾರ! ಎಷ್ಟೋ ಜನಕ್ಕ ಸ್ವಂತ ಹೆಸರೇ ಮರೆತಂಗ ಆಗೇದ, ಇಂಥಾವನ ಅವ್ವ, ಇಂಥಾಕಿ ಆಯಿ ಅಂತನೇ ಕರೀತೀವಿ. ತೀರಿಹೋದ ಮ್ಯಾಲ ಫೋಟೋಕ್ಕ ಹಾರ ಹಾಕತೀವಿ, ಫೋಟೋದ ಕೆಳಗ ಬರೀಲಿಕ್ಕೆ ಹುಟ್ಟಿದೂರು ಕೇಳಿದ್ರ ಒಬ್ಬರ ಮಾರಿ ಒಬ್ಬರು ನೋಡತೀವಿ.

ಅದಕ್ಕ ಸಂಘದ ಕಾರ್ಯದರ್ಶಿಗಳ ಜೋಡಿ ಮಾತಾಡೀನಿ, ಅವರು ಒಪ್ಪ್ಯಾರ. ಬರೋ ರವಿವಾರದಿಂದ ಇಬ್ಬಿಬ್ಬರು ಹುಡುಗ-ಹುಡುಗೀರು ಒಂದೊಂದು ಮನಿಗೆ ಹೋಗತಾರ. ಮೊಬೈಲಿನಾಗ ದನಿ ಹಿಡೀರಿ, ವಹಿಯೊಳಗೂ ಬರೀರಿ. ತವರು ಯಾವುದು, ಯಾವ ಬಾವಿ ನೀರು ಕೊಡತಿದ್ದಿಲ್ಲ, ಕೂಲಿ ಎಷ್ಟಿತ್ತು, ಯಾವ ಬರಗಾಲ ನೆನಪದ, ಎಲ್ಲಾ ಕೇಳ್ರಿ. ಆಯಿ ಕನ್ನಡದಾಗ ಹೇಳಿದ್ರ ಕನ್ನಡದಾಗ, ಮರಾಠಿಯೊಳಗ ಹೇಳಿದ್ರ ಮರಾಠಿಯೊಳಗ ಬರೀರಿ, ತಿದ್ದಬ್ಯಾಡ್ರಿ. ಜಲ್ಮ ಅಂದ್ರ ಜಲ್ಮ ಅಂತಲೇ ಬರೀರಿ. ಮುಂದಿನ ವರ್ಷದ ಸ್ಮರಣ ಸಂಚಿಕೆಯೊಳಗ ನಾಯಕರ ಶುಭಾಶಯದ ಫೋಟೋ ನಾಕು ಕಡಿಮಿ ಮಾಡಿ ಆ ಜಾಗಾದಾಗ ಇವು ಬರಲಿ. ಹೆಸರು ಕೊಡವರು ಊಟಕ್ಕ ಏಳೋ ಮೊದಲು ಇಲ್ಲೇ ಬಂದು ಕೊಡ್ರಿ. ಜೈ ಭೀಮ್.