ಮರದ ಎಲುಬಿನ ಮೋಟಾರು

(ಬೆಂಗಳೂರಿನ ಮಾರೇನಹಳ್ಳಿಯಲ್ಲಿ ಹಳೆಯ ವಾಹನಗಳ ಆಸಕ್ತರ ಮುಂದೆ ಮಾಡಿದ ಭಾಷಣದ ಪಠ್ಯ)



ಹಳೆಯ ಕಾರಿನ ವಿಷಯವಾಗಿ ಮಾತನಾಡಬೇಕೆಂದು ನೀವು ಕೇಳಿದಾಗ, ಮಹಾರಾಜರ ರೋಲ್ಸ್ ರಾಯ್ಸ್‌ಗಳ ಕಥೆಯನ್ನು ಕೆಲವರಾದರೂ ನಿರೀಕ್ಷಿಸಿರಬಹುದು. ಅದನ್ನು ಹೇಳಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡಿರುವುದು ಅರಮನೆಯ ವಾಹನವನ್ನಲ್ಲ. ಇಬ್ಬರು ಕುಳಿತರೆ ಮೂರನೆಯವರಿಗೆ ಜಾಗವಿಲ್ಲದ, ಮಳೆ ಬಂದರೆ ಬಟ್ಟೆಯ ಹೊದಿಕೆ ಎಳೆದುಕೊಳ್ಳಬೇಕಾದ, ಎತ್ತರದ ತಂತಿ ಕಡ್ಡಿಗಳ ಚಕ್ರಗಳ ಮೇಲೆ ನಿಂತ ಒಂದು ಪುಟ್ಟ ಇಂಗ್ಲಿಷ್ ಕಾರು. ಅದರ ಹೆಸರು ಎಂ.ಜಿ. ಟಿ.ಸಿ. ಹೊರಗೆ ತಗಡು, ಒಳಗೆ ಮರ. ನಮ್ಮ ಲಾರಿ ಬಾಡಿ ಕಟ್ಟುವ ಆಚಾರಿಗಳಿಗೆ ಇದರ ಮರ್ಮ ತಟ್ಟನೆ ಅರ್ಥವಾದೀತು.

ಎಂ.ಜಿ. ಎಂಬ ಎರಡಕ್ಷರ ಇಂದು ನಮಗೆ ಅಪರಿಚಿತವಲ್ಲ. 2019ರಿಂದ ಆ ಹೆಸರಿನ ಹೊಸ ಕಾರುಗಳು ನಮ್ಮ ಕಾರ್ಡ್ ರಸ್ತೆಯಲ್ಲಿಯೂ ಓಡಾಡುತ್ತಿವೆ. ಅವು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತವೆ. ಹೆಸರಿನ ಒಡೆತನ ಚೀನಾದ ಸಂಸ್ಥೆಯೊಂದರದು. ಆದರೆ ಅಕ್ಷರಗಳ ಅರ್ಥ ಮಾತ್ರ ತೀರ ಸಾಧಾರಣ: ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಪಟ್ಟಣದಲ್ಲಿ ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿ ಕೊನೆಗೆ ಲಾರ್ಡ್ ನಫೀಲ್ಡ್ ಎನಿಸಿಕೊಂಡ ವಿಲಿಯಂ ಮಾರಿಸ್ ಅವರ ಮಾರಾಟ ಮತ್ತು ದುರಸ್ತಿಯ ಮಳಿಗೆಯ ಹೆಸರದು. ಅಲ್ಲಿಗೆ 1922ರಲ್ಲಿ ವ್ಯವಸ್ಥಾಪಕರಾದ ಸಿಸಿಲ್ ಕಿಂಬರ್ ಎಂಬವರು, ಮಾಮೂಲಿ ಮಾರಿಸ್ ಕಾರುಗಳ ಚಾಸಿಯ ಮೇಲೆ ಹಗುರವಾದ, ಅಂದವಾದ ಬಾಡಿಗಳನ್ನು ಕೂರಿಸಿ ಮಾರಲಾರಂಭಿಸಿದರು. ಸಾಮಾನ್ಯ ಸಂಸಾರದ ಕಾರಿನ ಭಾಗಗಳಿಂದಲೇ ಉಲ್ಲಾಸದ ಕಾರನ್ನು ಮಾಡಬಹುದೆಂಬುದು ಅವರ ನಂಬಿಕೆ. ಎಂ.ಜಿ.ಯ ಯಶಸ್ಸಿನ ಗುಟ್ಟು ಇದೇ. 1929ರ ಹೊತ್ತಿಗೆ ಈ ಉದ್ಯಮ ಆಬಿಂಗ್‌ಡನ್ ಎಂಬ ಊರಿನ ಹಳೆಯ ಚರ್ಮದ ಕಾರ್ಖಾನೆಯ ಜಾಗಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ಟೆಲಿಫೋನ್ ಸಂಖ್ಯೆ 251. ಆ ಕಾರಣದಿಂದಲೇ ಪ್ರತಿಯೊಂದು ಮಾದರಿಯ ಚಾಸಿ ಸಂಖ್ಯೆಯನ್ನೂ 0251ರಿಂದ ಆರಂಭಿಸುವ ಪದ್ಧತಿ ಬೆಳೆಯಿತು. ಇಂದಿಗೂ ಹಳೆಯ ಎಂ.ಜಿ.ಯ ಸಾಚಾತನ ಪರೀಕ್ಷಿಸುವವರು ಮೊದಲು ನೋಡುವುದು ಈ ಸಂಖ್ಯೆಯನ್ನು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಿಂಬರ್ ಅವರು ಸಂಸ್ಥೆಯಿಂದ ಹೊರಹೋಗಬೇಕಾಯಿತು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಕೊನೆಯ ಭಾಗದಲ್ಲಿ ಟಿ.ಸಿ. ಹೊರಬಂತು. ನಾಲ್ಕು ಸಿಲಿಂಡರಿನ 1250 ಸಿ.ಸಿ. ಎಂಜಿನ್, 54 ಅಶ್ವಶಕ್ತಿ, ಎರಡು ಎಸ್.ಯು. ಕಾರ್ಬುರೇಟರ್, 19 ಅಂಗುಲದ ಚಕ್ರಗಳು. ಯುದ್ಧಪೂರ್ವದ ವಿನ್ಯಾಸವನ್ನೇ ಅಲ್ಪಸ್ವಲ್ಪ ಬದಲಿಸಿ ಮಾಡಿದ ಕಾರು ಅದು. ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ರಫ್ತಿನ ಹಣ ಬೇಕಾಗಿತ್ತು. ಆದುದರಿಂದ 1949ರವರೆಗೆ ತಯಾರಾದ ಸುಮಾರು 10,000 ಟಿ.ಸಿ.ಗಳಲ್ಲಿ ಬಹುಪಾಲು ಹಡಗು ಹತ್ತಿದವು. ಸುಮಾರು 2,000 ಕಾರುಗಳು ಅಮೆರಿಕಕ್ಕೆ ಹೋದವು. ಸ್ಟೀರಿಂಗ್ ಬಲಗಡೆಗೇ ಇದ್ದರೂ ಅಲ್ಲಿನ ಯುವಕರು ಅದಕ್ಕೆ ಮನಸೋತರು.

ನಮ್ಮ ದೇಶದಲ್ಲಿ ಇಂಥ ಕಾರುಗಳು ಏಕೆ ಇಷ್ಟು ವಿರಳ? ಉತ್ತರ ಆಗಿನ ಆರ್ಥಿಕ ನೀತಿಯಲ್ಲಿದೆ. ಯುದ್ಧ ಮುಗಿದ ಮೇಲೆ ಬಿಡಿ ಕಾರುಗಳ ಆಮದಿಗೆ ದೊರೆತ ಅವಕಾಶ ಕೆಲವೇ ವರ್ಷಗಳದು. 1953ರಲ್ಲಿ ಸುಂಕ ಆಯೋಗವು ಭಾರತದಲ್ಲಿಯೇ ಕಾರು ತಯಾರಿಸುವವರಿಗೆ ಮಾತ್ರ ರಕ್ಷಣೆ ನೀಡಬೇಕೆಂದು ಶಿಫಾರಸು ಮಾಡಿತು. ಬರಿಯ ಜೋಡಣೆ ಮಾಡುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಇಲ್ಲಿಂದ ಹೊರಟವು. ಅಲ್ಲಿಗೆ ಇಂಗ್ಲೆಂಡಿನ ಪುಟ್ಟ ಕಾರುಗಳಿಗೂ ಬಾಗಿಲು ಮುಚ್ಚಿತು. ಕಾರಿಗಷ್ಟೇ ಅಲ್ಲ, ಅದರ ಬಿಡಿಭಾಗಗಳಿಗೂ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ನೆನೆಯಬೇಕು. ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂದು ಹಠ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದ್ ಅವರು ಜತೆಗೂಡಿದರು. ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಸ್ಥಾಪಿಸುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರದ ಸಹಕಾರ ಸಿಗಲಿಲ್ಲ; ಯೋಜನೆ ಕೈಗೂಡಲಿಲ್ಲ. ಬದಲಿಗೆ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಇಲ್ಲಿ ವಿಮಾನ ಕಾರ್ಖಾನೆ ತೆರೆದರು. 1944ರಲ್ಲಿ ಅವರ ಮೋಟಾರು ಸಂಸ್ಥೆ ಹುಟ್ಟಿದ್ದು ಮುಂಬಯಿಯಲ್ಲಿ. ಬೆಂಗಳೂರಿಗೆ ಕಾರು ಬರಲಿಲ್ಲ, ಆದರೆ ಲೋಹದ ಕೆಲಸ ಬಲ್ಲ ಕೈಗಳು ಬಂದವು. ವಿಮಾನ ಕಾರ್ಖಾನೆ, ಐ.ಟಿ.ಐ., ಎಚ್.ಎಂ.ಟಿ., ಮೈಕೋಗಳಲ್ಲಿ ಪಳಗಿದವರು. ಅವರ ನೆರಳಿನಲ್ಲಿ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯಗಳಲ್ಲಿ ಹುಟ್ಟಿಕೊಂಡ ಲೇತಿನ ಅಂಗಡಿಗಳು. ಆಮದು ನಿಂತ ಮೇಲೆ ಹಳೆಯ ವಿದೇಶಿ ಕಾರುಗಳನ್ನು ಬದುಕಿಸಿದ್ದು ಇಂಥ ಕೈಗಳೇ.

ಒಂದು ವಿಚಿತ್ರವಾದ ಅನುಕೂಲವೂ ಇತ್ತು. ನಮ್ಮ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಇದ್ದ 1489 ಸಿ.ಸಿ. ಎಂಜಿನ್ನು, 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸೊಗಸಾದ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಸ್ವಂತ ದಾಯಾದಿ. ಎರಡೂ ಒಂದೇ ಕುಟುಂಬದವು. ಒಂದಕ್ಕೆ ಎರಡು ಕಾರ್ಬುರೇಟರ್ ಕೂರಿಸಿ ಓಟಕ್ಕೆ ಹಚ್ಚಿದರು. ಇನ್ನೊಂದರ ಮೇಲೆ ಮಂತ್ರಿಗಳನ್ನೂ ಮದುವೆ ದಿಬ್ಬಣವನ್ನೂ ಹೇರಿದರು. ಹಾಗೆಯೇ ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆಯಲ್ಲ, ಅದರ ಚಾಸಿಯನ್ನೇ ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಕಿಂಬರ್ ಅವರ ಸೂತ್ರ ಇಲ್ಲಿಯೂ ಕಾಣುತ್ತದೆ. ಹೀಗಾಗಿ ನಮ್ಮ ಮೆಕ್ಯಾನಿಕ್ಕುಗಳಿಗೆ ಈ ಅಪರೂಪದ ಯಂತ್ರಗಳ ಒಳಗು ಪರಕೀಯವಾಗಿರಲಿಲ್ಲ.

ಟಿ.ಸಿ.ಗೆ ಮಾತ್ರ ಈ ಸೌಲಭ್ಯವಿಲ್ಲ. ಅದರ ಎಂಜಿನ್ನಿನ ಬೋಲ್ಟುಗಳೇ ಒಂದು ಒಗಟು. ಬೋಲ್ಟಿನ ತಲೆ ಇಂಗ್ಲಿಷ್ ವಿಟ್‌ವರ್ತ್ ಅಳತೆಯದು, ಮರೆ ಮಾತ್ರ ಮೆಟ್ರಿಕ್. ಕಾರಣ ಇಷ್ಟೆ: ಮಾರಿಸ್ ಅವರ ಎಂಜಿನ್ ಕಾರ್ಖಾನೆ ಹಿಂದೆ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಗೆ ಸೇರಿತ್ತು. ಫ್ರೆಂಚರ ಯಂತ್ರಗಳು ಮೆಟ್ರಿಕ್ ಮರೆ ಕೊರೆಯುತ್ತಿದ್ದವು. ಇಂಗ್ಲಿಷ್ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ಸ್ಪ್ಯಾನರುಗಳು ಇಂಗ್ಲಿಷ್ ಅಳತೆಯವು. ಇಬ್ಬರನ್ನೂ ಒಪ್ಪಿಸಲು ಈ ಮಿಶ್ರ ತಳಿ ಹುಟ್ಟಿತು. ಇದನ್ನರಿಯದೆ ಪೇಟೆಯಲ್ಲಿ ಸಿಕ್ಕ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಹಳೆಯ ಎರಕದ ಮರೆ ಹಾಳಾಗುತ್ತದೆ. ಜೆ.ಸಿ. ರಸ್ತೆಯನ್ನೆಲ್ಲ ಅಲೆದರೂ ಸಿಗದ ಬೋಲ್ಟನ್ನು ಲೇತಿನ ಮೇಲೆ ಒಂದೊಂದಾಗಿ ಕಡೆಸಬೇಕಾಗುತ್ತದೆ.

ಜೀರ್ಣೋದ್ಧಾರದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲ ಕೆಲಸ ಬಿಚ್ಚುವುದಲ್ಲ, ನೋಡುವುದು. ಪ್ರತಿ ಭಾಗದ ಚಿತ್ರ ತೆಗೆದು, ಅಳತೆ ಬರೆದು, ಚೀಟಿ ಕಟ್ಟಬೇಕು. ಅನಂತರ ಬಾಡಿಯನ್ನು ಎತ್ತಿ, ಚಾಸಿಯ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅದು ತಿರುಚಿದೆಯೇ ಎಂದು ಪರೀಕ್ಷಿಸಬೇಕು. ಬಾಡಿಯ ಒಳಗಿನ ಹಂದರ ಆಶ್ ಎಂಬ ಇಂಗ್ಲಿಷ್ ಮರದ್ದು. ಪೆಟ್ಟು ತಾಳುವ, ಬಳುಕುವ ಗುಣ ಅದಕ್ಕಿರುವುದರಿಂದಲೇ ಸುತ್ತಿಗೆ, ಗುದ್ದಲಿಗಳ ಹಿಡಿಗೆ ಅಲ್ಲಿ ಅದನ್ನು ಬಳಸುತ್ತಾರೆ. ತಗಡನ್ನು ಈ ಹಂದರಕ್ಕೆ ಮೊಳೆ ಹೊಡೆದು ಕೂರಿಸಿರುತ್ತಾರೆ. ಮಳೆಯ ನೀರು ತಗಡಿನ ಹಿಂದೆ ಇಳಿದು ತಳದ ತೊಲೆಯಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಮರ ಪುಡಿಯಾಗಿರುತ್ತದೆ. ಬಾಗಿಲು ಜೋತುಬಿದ್ದರೆ ಅದೇ ಮೊದಲ ಸೂಚನೆ. ಹೊಸ ಹಂದರ ಮಾಡುವಾಗಲೂ ಅದನ್ನು ಚಾಸಿಯ ಮೇಲೆ ಕೂರಿಸಿ, ಬಾಗಿಲು ಸರಿಯಾಗಿ ಮುಚ್ಚುವುದನ್ನು ನೋಡಿದ ಮೇಲೆಯೇ ತಗಡು ಹೊದಿಸಬೇಕು. ನೆಲದ ಮೇಲಿಟ್ಟು ಮಾಡಿದ ಬಾಡಿ ಚಾಸಿಗೆ ಏರಿದಾಗ ಸೊಟ್ಟಗಾಗುತ್ತದೆ.

ಎಂಜಿನ್ನಿನ ಸಿಲಿಂಡರುಗಳು ಸವೆದಿದ್ದರೆ ಕೊರೆದು ತೋಳು ಹಾಕಬಹುದು. ಎರಡು ಕಾರ್ಬುರೇಟರುಗಳನ್ನು ಹೊಂದಿಸುವುದು ಎರಡು ತಂಬೂರಿಗಳ ಶ್ರುತಿ ಸೇರಿಸಿದಂತೆ. ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಎರಡರ ಉಸಿರಿನ ಸದ್ದೂ ಒಂದಾಗುವವರೆಗೆ ತಿರುಪುತ್ತಾರೆ. ಉಪಕರಣಗಳು ಬಂದಿದ್ದರೂ ಹಳಬರು ನಂಬುವುದು ಕಿವಿಯನ್ನೇ. ಇಂದಿನ ಪೆಟ್ರೋಲು ಬೇರೊಂದು ಸಮಸ್ಯೆ. ಸೀಸ ಬೆರೆತ ಪೆಟ್ರೋಲಿನ ಮಾರಾಟ 2000ದಲ್ಲಿ ದೇಶದಲ್ಲಿ ನಿಂತಿತು. ಈಗ ಶೇಕಡ 20ರಷ್ಟು ಎಥನಾಲ್ ಬೆರೆಯುತ್ತಿದೆ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುವುದರಿಂದ ಇಂಧನದ ಕೊಳವೆಗಳನ್ನೆಲ್ಲ ಬದಲಿಸದೆ ವಿಧಿಯಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಆಮದು ನಿಂತ ಕಾಲದಲ್ಲಿ ಇಲ್ಲಿನ ಆಚಾರಿಯೊಬ್ಬ ಕೊಳೆತ ಆಶ್ ಮರದ ಜಾಗಕ್ಕೆ ತೇಗದ ತೊಲೆ ಹಾಕಿದ್ದಾನೆ. ಮೆಕ್ಯಾನಿಕ್ ಒಬ್ಬ ಸಿಗದ ಭಾಗದ ಬದಲು ಅಂಬಾಸಡರಿನ ಭಾಗವನ್ನು ಉಜ್ಜಿ ಹೊಂದಿಸಿದ್ದಾನೆ. ಆ ಕಾರು ಹಾಗೆಯೇ ಮೂವತ್ತು ವರ್ಷ ಓಡಿದೆ. ಇಂದು ಜೀರ್ಣೋದ್ಧಾರ ಮಾಡುವವನು ಇವನ್ನೆಲ್ಲ ಕಿತ್ತೊಗೆದು, ಇಂಗ್ಲೆಂಡಿನಿಂದ ಹೊಸದಾಗಿ ಮಾಡಿಸಿದ ಭಾಗಗಳನ್ನು ತರಿಸಿ ಕೂರಿಸಬೇಕೆ? ಅಥವಾ ಇದ್ದಂತೆ ಉಳಿಸಬೇಕೆ?

ಇದು ಬರಿಯ ಶೋಕಿಯ ಪ್ರಶ್ನೆಯಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳ ನೋಂದಣಿಗೆ ನಿಯಮ ರೂಪಿಸಿತು. ಐವತ್ತು ವರ್ಷ ದಾಟಿದ ಕಾರು, ಬೈಕುಗಳಿಗೆ ‘ವಿ.ಎ.’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ; ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಇದರ ಜತೆ ಒಂದು ಷರತ್ತು: ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಉದ್ದೇಶ ಒಳ್ಳೆಯದೇ. ನಕಲಿ ಕಾರುಗಳನ್ನು ತಡೆಯಬೇಕಲ್ಲ. ಆದರೆ ಬಡತನದ ಕಾಲದಲ್ಲಿ ಜಾಣತನದಿಂದ ಬದುಕಿ ಉಳಿದ ಕಾರಿಗೆ ಈ ‘ಮೂಲರೂಪ’ ಎಂಬ ಮಾತು ಮುಳ್ಳಾಗಬಹುದು.

ನಮ್ಮ ಊರುಗಳ ತೇರನ್ನು ನೆನೆಯಿರಿ. ಗಾಲಿ ಸವೆದರೆ ಹೊಸ ಗಾಲಿ, ತೊಲೆ ಬಿರಿದರೆ ಹೊಸ ತೊಲೆ. ಎರಡು ತಲೆಮಾರಿನಲ್ಲಿ ಹಳೆಯ ಮರ ಎಷ್ಟು ಉಳಿದಿರುತ್ತದೆಯೋ ದೇವರೇ ಬಲ್ಲ. ಆದರೂ ಅದು ಅದೇ ತೇರು. ಅಳತೆಯೂ ಕೆಲಸಗಾರಿಕೆಯೂ ಮುಂದುವರಿದಿರುವವರೆಗೆ ಯಾರಿಗೂ ಸಂಶಯವಿಲ್ಲ. ಅದೇ ದೇವಸ್ಥಾನದ ಅಂಗಳದಲ್ಲಿರುವ ಶಾಸನದ ಕಲ್ಲು? ಅಕ್ಷರ ಸವೆದಿದೆಯೆಂದು ಹೊಸ ಕಲ್ಲಿನಲ್ಲಿ ಕೆತ್ತಿಸಿ ಹಳೆಯದನ್ನು ಬಿಸಾಡಿದರೆ ಅದು ಅನಾಹುತ. ಒಂದು ನಡೆಯಬೇಕಾದ ವಸ್ತು, ಇನ್ನೊಂದು ನುಡಿಯಬೇಕಾದ ವಸ್ತು.

ಹಳೆಯ ಕಾರು ಇವೆರಡೂ ಹೌದು. ಟೈರು, ಬೇರಿಂಗು, ವೈರು, ಬ್ರೇಕಿನ ಭಾಗಗಳು ತೇರಿನ ಗಾಲಿಯಂತೆ. ಅವನ್ನು ಸಂಕೋಚವಿಲ್ಲದೆ ಬದಲಿಸಬೇಕು, ಪ್ರಾಣದ ಪ್ರಶ್ನೆ ಅದು. ಚಾಸಿಯ ಸಂಖ್ಯೆ, ಎಂಜಿನ್ನಿನ ಎರಕ, ಮೂಲ ತಗಡು, ಫಲಕಗಳು ಶಾಸನದಂತೆ. ನಮ್ಮ ಆಚಾರಿ ಹಾಕಿದ ತೇಗದ ತೊಲೆಯನ್ನು ನಾನು ಶಾಸನದ ಕಡೆಗೇ ಸೇರಿಸುತ್ತೇನೆ. 1947ರಲ್ಲಿ ಆಬಿಂಗ್‌ಡನ್ನಿನಲ್ಲಿ ಮಾಡಿದ ಕೆಲಸ ಚರಿತ್ರೆಯಾದರೆ, 1967ರಲ್ಲಿ ಬೆಂಗಳೂರಿನಲ್ಲಿ ಮಾಡಿದ ಕೆಲಸವೂ ಚರಿತ್ರೆಯೇ. ಗಟ್ಟಿಯಾಗಿದ್ದರೆ ಇರಲಿ. ತೆಗೆಯಲೇಬೇಕಾದರೆ ಚೀಟಿ ಬರೆದು ಕಾರಿನ ಜತೆಯಲ್ಲೇ ಇಡಿ; ಏನನ್ನು, ಏಕೆ ಬದಲಿಸಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಿಯಮ ಮಾಡುವವರೂ ಇಂಥ ದಾಖಲೆಗೆ ಮನ್ನಣೆ ಕೊಡುವುದು ಉಚಿತ.

ಕಾರುಗಳ ಚಿಂತೆ ನನಗೆ ಅಷ್ಟಿಲ್ಲ. ಬೆಲೆ ಏರಿದೆ, ಹಣವಂತರು ನೋಡಿಕೊಳ್ಳುತ್ತಾರೆ. ಧರ್ಮಸ್ಥಳದ ಸಂಗ್ರಹದಂತಹ ಕಡೆ ಜನಸಾಮಾನ್ಯರೂ ಹಳೆಯ ಕಾರುಗಳನ್ನು ನೋಡಬಹುದು. ಚಿಂತೆ ಇರುವುದು ಕೈಗಳದು. ಕೊಳವೆಯನ್ನು ಕಿವಿಗಿಟ್ಟು ಕಾರ್ಬುರೇಟರಿನ ಶ್ರುತಿ ಹಿಡಿಯುವ ಮೇಸ್ತ್ರಿ, ಮರದ ಅಚ್ಚಿನ ಮೇಲೆ ತಗಡು ತಟ್ಟಿ ಮಡ್‌ಗಾರ್ಡಿನ ಬಳುಕು ತರುವ ಟಿಂಕರ್, ಒಂದೇ ಒಂದು ಬೋಲ್ಟಿಗಾಗಿ ಲೇತು ತಿರುಗಿಸುವ ಟರ್ನರ್, ಇವರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಇವರ ಮಕ್ಕಳು ಬೇರೆ ಕೆಲಸಗಳಿಗೆ ಹೋಗಿದ್ದಾರೆ, ತಪ್ಪೇನಲ್ಲ. ಇಂದಿನ ಕಾರು ಕಂಪ್ಯೂಟರಿನ ಭಾಷೆ ಕೇಳುತ್ತದೆ. ಕಿವಿಯ ವಿದ್ಯೆಗೆ ಅಲ್ಲಿ ಕೂಲಿಯಿಲ್ಲ. ಹಳೆಯ ಕಾರೊಂದರ ಜೀರ್ಣೋದ್ಧಾರ ನಡೆಯುವ ಎರಡು, ಮೂರು ವರ್ಷ ಆ ವಿದ್ಯೆಗೆ ಮತ್ತೆ ಕೂಲಿ ಹುಟ್ಟುತ್ತದೆ. ಪಕ್ಕದಲ್ಲಿ ನಿಂತ ಹುಡುಗನೊಬ್ಬ ನೋಡಿ ಕಲಿಯುತ್ತಾನೆ.

ಆದುದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಬೀದಿಯ ಗ್ಯಾರೇಜಿನಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿ ಯಾರಾದರೂ ಇದ್ದರೆ, ಬಿಡುವಿನ ದಿನ ಹೋಗಿ ಮಾತನಾಡಿಸಿ. ಯಾವ ಕಾರಿಗೆ ಯಾವುದರ ಭಾಗ ಹೇಗೆ ಹೊಂದಿಸಿದರೆಂದು ಕೇಳಿ, ಬರೆದುಕೊಳ್ಳಿ. ಸಾಧ್ಯವಿದ್ದರೆ ಕಲಿಯುವ ಹುಡುಗನೊಬ್ಬನನ್ನೂ ಜತೆಗೆ ಕರೆದೊಯ್ಯಿರಿ.